ಮೂಗಿಲ್ಲದವಳು ಫ್ರೆಂಚ್ ವೈನ್ ಮೂಸಿದ ಮಧ್ಯಾಹ್ನ

ಇದು ಕಳೆದ ವರ್ಷ ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ನಡೆದದ್ದು. ಅವತ್ತು ಭಾನುವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಜೀವಮಾನದಲ್ಲಿ ನಾನು ಒಂದು ಹನಿ ಮದ್ಯ ಮುಟ್ಟಿದವಳಲ್ಲ, ಈಗಲೂ ಮುಟ್ಟಿಲ್ಲ. ಆದರೂ ಮರೆಯಲಾಗದ ದಿನ ಯಾವುದು ಎಂದು ಯಾರಾದರೂ ಕೇಳಿದರೆ, ನಾಲ್ಕು ಬಾಟಲಿ ಫ್ರೆಂಚ್ ವೈನ್ ಮುಂದೆ ಕೂತಿದ್ದ ಆ ಮಧ್ಯಾಹ್ನವೇ ಎನ್ನಬೇಕಾಗುತ್ತದೆ. ನಮ್ಮತ್ತೆ ಬದುಕಿದ್ದು ಇದನ್ನು ಓದಿದ್ದರೆ ಪತ್ರಿಕೆಯನ್ನೇ ನೀರೊಲೆಗೆ ಹಾಕುತ್ತಿದ್ದರು.

ನಮ್ಮ ಮನೆ ದೊಡ್ಡನೆಕ್ಕುಂದಿಯಲ್ಲಿ. ನಮ್ಮವರು ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನಾನು ಮನೆಯಲ್ಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಮಾಡಿ ಕೊಡುತ್ತೇನೆ. ಮಕ್ಕಳು ಚಿಕ್ಕವರಿದ್ದಾಗ ಕಾರ್ಖಾನೆಯ ಕ್ವಾರ್ಟರ್ಸ್‌ನ ಹೆಂಗಸರಿಗೆ ಕೊಡಲು ಶುರು ಮಾಡಿದ್ದು, ಆಮೇಲೆ ರಿಂಗ್ ರೋಡಿನ ಅಪಾರ್ಟ್‌ಮೆಂಟುಗಳವರೆಗೂ ಹೋಯಿತು. ‘ಗಿರಿಜಮ್ಮನ ಪುಡಿ’ ಅಂದರೆ ನಮ್ಮ ಕಡೆ ನಾಲ್ಕು ಜನಕ್ಕೆ ಗೊತ್ತು. ಜಂಬ ಅಂದುಕೊಂಡರೂ ಪರವಾಗಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಪುಡಿಯ ಗುಟ್ಟೆಲ್ಲ ಹುರಿಯುವುದರಲ್ಲಿದೆ. ಕೊತ್ತಂಬರಿ ಬೀಜ ಹುರಿಯುವಾಗ ಗಡಿಯಾರ ನೋಡಿ ಪ್ರಯೋಜನವಿಲ್ಲ, ಬಣ್ಣವನ್ನೂ ನಂಬುವ ಹಾಗಿಲ್ಲ. ಹಸಿ ವಾಸನೆ ಹೋಗಿ ಘಮ್ ಅಂತ ಮೂಗಿಗೆ ಬಡಿಯುವ ಒಂದು ಗಳಿಗೆ ಬರುತ್ತದೆ. ಆಗ ಬಾಣಲೆ ಇಳಿಸಬೇಕು. ಮೊದಲು ಇಳಿಸಿದರೆ ಪುಡಿ ಹಸಿ, ತಡವಾದರೆ ಕಹಿ. ನಾನು ಇಷ್ಟು ವರ್ಷ ಒಂದು ದಿನವೂ ಬೀಜ ಬಾಯಿಗೆ ಹಾಕಿ ನೋಡಿದವಳಲ್ಲ. ನನ್ನ ಕೆಲಸವೆಲ್ಲ ಮೂಗಿನಲ್ಲೇ.

ಆ ಮೂಗೇ ಹೋಯಿತು. ಅದರ ಹಿಂದಿನ ಮಳೆಗಾಲದಲ್ಲಿ ಒಂದು ವೈರಲ್ ಜ್ವರ ಬಂತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ವಾಪಸ್ ಬರಲೇ ಇಲ್ಲ. ಕಾಫಿ ಕುಡಿದರೆ ಬಿಸಿನೀರು. ಮಾವಿನಹಣ್ಣು ತಿಂದರೆ ಬರೀ ಸಿಹಿ. ಮೊಮ್ಮಗಳನ್ನು ಎತ್ತಿಕೊಂಡು ನೆತ್ತಿ ಮೂಸಿದೆ, ಏನೂ ಇಲ್ಲ. ಆ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಡಾಕ್ಟರು ಒಳ್ಳೆಯವರು, ಸುಳ್ಳು ಭರವಸೆ ಕೊಡಲಿಲ್ಲ. “ನರಕ್ಕೆ ಪೆಟ್ಟಾಗಿದೆ ಅಮ್ಮಾ. ಬರಬಹುದು, ಬರದೇನೂ ಇರಬಹುದು. ದಿನಾ ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸಿ. ಮೂಗಿಗೆ ಅದೇ ವ್ಯಾಯಾಮ” ಅಂದರು. ದೇವರ ಪೂಜೆ ತಪ್ಪಿಸಿದರೂ ಅದನ್ನು ತಪ್ಪಿಸಲಿಲ್ಲ. ಬಂದದ್ದು ಏನು ಗೊತ್ತೇ? ಸುಟ್ಟ ವಾಸನೆ. ಇದ್ದಕ್ಕಿದ್ದಂತೆ ಏನೋ ಸುಡುತ್ತಿದೆ ಅನ್ನಿಸುತ್ತಿತ್ತು. ಅಡುಗೆಮನೆಗೆ ಓಡಿದರೆ ಒಲೆಯೇ ಹಚ್ಚಿರುತ್ತಿರಲಿಲ್ಲ. “ಅದು ಸುಳ್ಳು ವಾಸನೆ, ಮಿದುಳು ತಾನೇ ಹುಟ್ಟಿಸಿಕೊಳ್ಳೋದು. ನಂಬಬೇಡಿ” ಅಂದರು ಡಾಕ್ಟರು. ನಿಜದ ವಾಸನೆ ಬರುವುದಿಲ್ಲ, ಬರುವ ವಾಸನೆ ನಿಜವಲ್ಲ! ಇಂಥ ಮೂಗು ಇಟ್ಟುಕೊಂಡು ಏನು ಮಾಡಲಿ?

ಪಕ್ಕದ ಮನೆಯ ಪದ್ಮ ನನ್ನ ಹಳೇ ಸ್ನೇಹಿತೆ. “ನಾನು ಮೂಸಿ ಹೇಳ್ತೀನಿ ಕಣೇ, ನೀನು ಹುರಿ” ಅಂತ ಬಂದು ನಿಂತಳು. ಪಾಪ, ಒಳ್ಳೇ ಮನಸ್ಸಿನವಳೇ. ಆದರೆ ಅವಳಿಗೆ ಎಲ್ಲದಕ್ಕೂ ಅವಸರ. ಬಾಣಲೆ ಕಾಯುವ ಮೊದಲೇ “ಬಂತು ಬಂತು, ಇಳಿಸು” ಅನ್ನುತ್ತಾಳೆ. ಆ ಪುಡಿ ಒಯ್ದ ಹಳೇ ಗಿರಾಕಿಯೊಬ್ಬರು ಡಬ್ಬವನ್ನು ಹಿಂದಕ್ಕೆ ತಂದು, “ಬೇಜಾರು ಮಾಡ್ಕೋಬೇಡಿ ಅಮ್ಮಾ, ಈ ಸಲ ಯಾಕೋ ನಿಮ್ಮ ಕೈ ಹಾಗಿಲ್ಲ” ಅಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಅವತ್ತೇ ನಮ್ಮವರಿಗೆ ಹೇಳಿಬಿಟ್ಟೆ: “ಈ ಯುಗಾದಿಗೆ ಪುಡಿ ಇಲ್ಲ. ಇನ್ನು ಮುಂದೂ ಇಲ್ಲ. ದೊಡ್ಡ ಬಾಣಲೆ ದೇವಸ್ಥಾನಕ್ಕೆ ಕೊಟ್ಟುಬಿಡಿ.” ಅವರು ಅದನ್ನು ಅಟ್ಟಕ್ಕೆ ಹಾಕಿದರು. ದೇವಸ್ಥಾನಕ್ಕೆ ಒಯ್ಯಲಿಲ್ಲ.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವಳು ರೇಣುಕಾ. ಧಾರವಾಡದ ಹುಡುಗಿ. ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಕೆಲಸ. ಆ ಕಂಪನಿಯವರು ಅವಳನ್ನು ಫ್ರಾನ್ಸಿಗೆ ಕಳಿಸಿದ್ದರು, ಅಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಕೋಣೆ ಹಿಡಿದಿದ್ದಳಂತೆ. ವಾಪಸ್ ಬರುವಾಗ ನಾಲ್ಕು ಬಾಟಲಿ ವೈನ್ ತಂದಿದ್ದಳು. ಮೂರು ಕೊಂಡದ್ದು. ಒಂದು ಮಾತ್ರ ಆ ಮುದುಕಿ ತನ್ನ ಮನೆಯ ನೆಲಮಾಳಿಗೆಯಿಂದ ತೆಗೆದು, “ನಿನ್ನ ಜನರ ಜೊತೆ ಕೂತು ತೆರೆ” ಅಂತ ಕೊಟ್ಟದ್ದು. ರೇಣುಕಾಳಿಗೆ ಈ ಊರಿನಲ್ಲಿ ತನ್ನ ಜನ ಅಂದರೆ ನಾವೇ, ಸಂಜೆ ಅವಳ ಜೊತೆ ವಾಕಿಂಗ್ ಹೋಗುವ ಮೂರು ಜನ ಹೆಂಗಸರು. ನಾನು, ಪದ್ಮ, ಮತ್ತೆ ಹಿಂದಿನ ಬೀದಿಯ ಮುನಿರತ್ನಮ್ಮ.

“ಅಕ್ಕಾರ, ಭಾನುವಾರ ಮಧ್ಯಾಹ್ನ ಬರ್ರಿ. ವೈನ್ ರುಚಿ ನೋಡೂಣು” ಅಂದಳು.

“ನಾನಾ? ವೈನಾ? ರಾಮ ರಾಮಾ” ಅಂದೆ.

“ಇದು ಕುಡಿಯೂ ಕಾರ್ಯಕ್ರಮ ಅಲ್ರಿ. ಮೊದಲ ಮೂಸೂದು. ಆಮ್ಯಾಲೆ ನಾಲಿಗಿ ಮ್ಯಾಲೆ ಒಂಚೂರು ಹಾಕ್ಕೊಂಡು ಬ್ಯಾಡಾದ್ರ ಉಗುಳೂದು. ನಿಮಗ ಕುಡಿಯೂದು ಬ್ಯಾಡ್ರಿ, ಬರೇ ಮೂಸಿದ್ರ ಸಾಕು.”

ನನಗೆ ರೇಗಿಹೋಯಿತು. “ಮೂಗೇ ಸತ್ತುಹೋಗಿರೋಳನ್ನ ಮೂಸೋಕೆ ಕರೀತೀಯಲ್ಲಮ್ಮಾ! ಕಿವುಡಿಯನ್ನ ಸಂಗೀತ ಕಚೇರಿಗೆ ಕರೆದ ಹಾಗಾಯ್ತು” ಅಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. ಪದ್ಮ ನನ್ನ ಕೈ ಚಿವುಟಿದಳು. “ಬಾರೇ, ಮನೇಲಿ ಕೂತು ಗೋಡೆ ನೋಡೋದು ತಪ್ಪುತ್ತೆ. ಹೋಗ್ಲಿ, ಚಕ್ಕುಲಿ ಆದ್ರೂ ತಗೊಂಡು ಬಾ” ಅಂದಳು. ಚಕ್ಕುಲಿ ಕೊಟ್ಟು ಬರುವ ನೆಪದಲ್ಲಿ ಹೋದೆ.

ಮೇಲೆ ಹೋಗಿ ನೋಡಿದರೆ ಪದ್ಮ ಆಗಲೇ ಕಿಟಕಿ ಮುಚ್ಚಿ, ಪರದೆ ಎಳೆದು, ಮೂಲೆಯಲ್ಲಿ ಹಿಡಿ ತುಂಬ ಊದಿನಕಡ್ಡಿ ಹಚ್ಚಿಟ್ಟಿದ್ದಳು. ಬೀದಿಯವರಿಗೆ ಮದ್ಯದ ವಾಸನೆ ಹೋಗಬಾರದಂತೆ! ಲೋಟ ತೊಳೆಯಲು ಒಳಗೆ ಹೋಗಿದ್ದ ರೇಣುಕಾ ಹೊರಗೆ ಬಂದವಳೇ ತಲೆಯ ಮೇಲೆ ಕೈ ಹೊತ್ತಳು. “ಅಯ್ಯ ಶಿವನ, ಇದೇನ್ ಮಾಡೀರಿ? ಇನ್ನ ವೈನಿನ ವಾಸನಿ ಹೆಂಗ್ರೀ ತಿಳಿಯೂದು? ಊದಿನಕಡ್ಡಿ ವಾಸನಿನs ಬರ್ತದ!” ಅಂತ ಕಡ್ಡಿಗಳನ್ನೆಲ್ಲ ಬಕೆಟ್ಟಿನ ನೀರಿಗೆ ಅದ್ದಿ, ಕಿಟಕಿ ತೆಗೆದು, ಫ್ಯಾನ್ ಜೋರಾಗಿ ಹಾಕಿದಳು. ಆಮೇಲೆ ಪದ್ಮನ ಮುಡಿಯ ಮಲ್ಲಿಗೆಯೂ ಹೊರಗೆ ಹೋಗಬೇಕಾಯಿತು. ಮುನಿರತ್ನಮ್ಮ ಮಾತ್ರ ಕನಕಾಂಬರ ಹಿಡಿದುಕೊಂಡು ಜಗಳಕ್ಕೇ ನಿಂತರು. “ನಂದ್ಯಾಕಮ್ಮಿ ತೆಗೀಲಿ? ಕನಕಾಂಬರಕ್ಕೆ ಎಲ್ಲೈತೆ ವಾಸ್ನೆ? ಇಂಗೆಲ್ಲ ಯೋಳಿದ್ರೆ ಎದ್ದು ಓಯ್ತೀನಿ ಅಷ್ಟೆ.” ಅವರ ಹೂವು ಉಳಿಯಿತು.

ವೈನಿಗೆ ಬೇಕಾದ ಉದ್ದ ಕಾಲಿನ ಗ್ಲಾಸು ಇದ್ದದ್ದು ಎರಡೇ. ಉಳಿದವರಿಗೆ ಚಹಾದ ಗಾಜಿನ ಲೋಟ. ಉಗುಳಲು ಒಂದು ಸ್ಟೀಲ್ ಬೋಗುಣಿ ನಡುವೆ ಇಟ್ಟಿದ್ದಳು. ಅದನ್ನು ನೋಡಿಯೇ ಪದ್ಮನಿಗೆ ನಗು ತಡೆಯಲಾಗಲಿಲ್ಲ. ನಾನು ಗೋಡೆಗೆ ಒರಗಿ, ಚಕ್ಕುಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಸಾವಿನ ಮನೆಗೆ ಬಂದವಳ ಹಾಗೆ ಕೂತೆ.

ಮೊದಲನೆಯದು ಬಿಳಿ ವೈನ್. ರೇಣುಕಾ ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಸುವುದು ಹೇಗೆ ಅಂತ ತೋರಿಸಿದಳು. “ಹಸಿರು ಸೇಬು, ನಿಂಬಿಹಣ್ಣು, ಕೊಯ್ದ ಹುಲ್ಲು” ಅಂತ ಏನೇನೋ ಹೇಳಿದಳು. ಪದ್ಮ ಮೂಸಿ, “ನಂಗೆ ನಮ್ಮನೆ ಹೇರಳೆಕಾಯಿ ಉಪ್ಪಿನಕಾಯಿ ಜಾಡಿ ತೆಗೆದ ಹಾಗಿದೆ” ಅಂದಳು. ಮುನಿರತ್ನಮ್ಮ ಒಂದು ಗುಟುಕು ಕುಡಿದು, ಬೋಗುಣಿಯ ಕಡೆ ತಿರುಗಿಯೂ ನೋಡದೆ ನುಂಗಿಬಿಟ್ಟರು. “ಉಗಿಯಾಕೆ ಇದೇನ್ ಎಲೆಅಡಿಕೆನಾ?” ಅಂದರು. ಎಲ್ಲರೂ ನಕ್ಕರು. ನಾನೂ ಮೂಸಿದೆ. ಗಾಜಿನ ತಣ್ಣನೆ ಅಂಚು ಮೂಗಿಗೆ ತಾಗಿತೇ ಹೊರತು ಬೇರೇನೂ ಇಲ್ಲ.

ಎರಡನೆಯದು ತೆಳು ಗುಲಾಬಿ ಬಣ್ಣದ್ದು, ಮೂರನೆಯದು ಕೆಂಪು. ಮುನಿರತ್ನಮ್ಮ ಕೆಂಪಿಗೆ “ನೇರಳೆಅಣ್ಣು ಕಣಮ್ಮಿ, ಮರದ್ ಕೆಳಗೆ ಬಿದ್ದು ಅಪ್ಪಚ್ಚಿಯಾಗಿರ್ತದಲ್ಲ, ಅಂಗೆ” ಅಂದಾಗ ರೇಣುಕಾ ಚಪ್ಪಾಳೆ ಹೊಡೆದಳು. ಒಬ್ಬೊಬ್ಬರೂ ತಮ್ಮ ಮನೆ, ಅಡುಗೆ, ಅಜ್ಜಿ ಊರು ಎಲ್ಲವನ್ನೂ ಆ ಲೋಟದೊಳಗಿಂದ ತೆಗೆಯುತ್ತಿದ್ದರು. ನನಗೆ ಮಾತ್ರ ಖಾಲಿ. ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ? ಎದ್ದು ಹೋಗೋಣ ಅಂತ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ರೇಣುಕಾ ಮುದುಕಿ ಕೊಟ್ಟ ಬಾಟಲಿ ತಂದಳು. ಮೈಯೆಲ್ಲ ಧೂಳು ಹಿಡಿದದ್ದು. ಆ ಧೂಳನ್ನೂ ಅವಳು ಒರೆಸಿರಲಿಲ್ಲ. ಮೆಲ್ಲಗೆ ಬಿರಡೆ ತೆಗೆದಳು. “ಆ ಅಜ್ಜಿ ನನ್ನ ಮಗಳ ಹಂಗ ನೋಡ್ಕೊಂಡಾಳ್ರಿ. ಜ್ವರ ಬಂದಾಗ ರಾತ್ರೆಲ್ಲ ಕೂತಿದ್ಲು” ಅಂದಳು. ಲೋಟ ಕೈಯಿಂದ ಕೈಗೆ ಹೋಯಿತು. ಪದ್ಮ ಮೂಸಿ, “ಹ್ಞಾಂ, ಒಂಥರಾ ಮಣ್ಣಿನ ವಾಸನೆ. ಚೆನ್ನಾಗಿದೆ” ಅಂದಳು. ಮುನಿರತ್ನಮ್ಮ “ಬೋ ಚೆಂದಾಗೈತೆ” ಅಂದರು. ರೇಣುಕಾ ಕಣ್ಣು ಮುಚ್ಚಿ ಮೂಸಿ, “ಹಳೇ ವೈನ್ ಹಿಂಗs ಇರ್ತದಂತ್ರಿ, ಕಾಡಿನ ನೆಲದ ಹಂಗ” ಅಂದಳು.

ಲೋಟ ನನ್ನ ಕೈಗೆ ಬಂತು. ಅವಳ ಮನಸ್ಸಿಗೆ ನೋವಾಗಬಾರದು ಅಂತ ಮೂಸಿದೆ. ಏನೂ ಇಲ್ಲ. ಲೋಟ ಕೆಳಗಿಡುವ ಮೊದಲು ಇನ್ನೊಮ್ಮೆ ಉಸಿರೆಳೆದೆ. ಮೂಗಿನ ಮೇಲ್ಭಾಗದಲ್ಲಿ ಎಲ್ಲೋ ಏನೋ ಅಲುಗಿತು. ಮತ್ತೆ ಎಳೆದೆ.

“ಥೂ!” ಅಂದೆ. “ಇದು ಕೊಳೆತ ಗೋಣಿಚೀಲ!”

ಬಾಯಿಂದ ಜಾರಿಹೋಗಿತ್ತು. ರೇಣುಕಾ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತೇನೋ. ಪದ್ಮ ಕಣ್ಣು ದೊಡ್ಡದು ಮಾಡಿ, “ಏ ಗಿರಿಜಾ, ಏನೇ ಅದು ಮಾತು!” ಅಂತ ಗದರಿದಳು.

ನನಗೆ ಅವಳ ಗದರಿಕೆ ಕೇಳಿಸಲೇ ಇಲ್ಲ. ಮಳೆಯಲ್ಲಿ ನೆನೆದು ಮೂಲೆಯಲ್ಲಿ ಬಿದ್ದ ಗೋಣಿಚೀಲದ ವಾಸನೆ. ತೆಳ್ಳಗೆ, ಆದರೆ ಇದೆ. ಮರುಕ್ಷಣವೇ ಜೀವ ಇಳಿದುಹೋಯಿತು. ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದಾರೆ, ನನಗೊಬ್ಬಳಿಗೆ ಕೊಳೆತದ್ದು ಬರುತ್ತಿದೆ. ಅಂದರೆ ಇದೂ ಆ ಸುಟ್ಟ ವಾಸನೆಯ ತಂಗಿಯೇ. ಇನ್ನೊಂದು ಸುಳ್ಳು. “ತಪ್ಪಾಯ್ತು ರೇಣುಕಾ, ನಂದು ಸುಳ್ಳು ಮೂಗು. ನನ್ನ ಮಾತು ಮನಸ್ಸಿಗೆ ಹಚ್ಚಿಕೋಬೇಡ” ಅಂತ ಏಳಲು ಹೋದೆ.

“ಕೂತ್ಕೊಳಮ್ಮಿ” ಅಂತ ಮುನಿರತ್ನಮ್ಮ ನನ್ನ ಸೆರಗು ಹಿಡಿದು ಎಳೆದರು. “ಸುಳ್ಳೋ ದಿಟವೋ ಈಗ್ಲೇ ನೋಡನ. ಕಣ್ ಮುಚ್ಚು.” ಅವರೇ ನನ್ನ ಸೆರಗನ್ನು ಕಣ್ಣಿಗೆ ಸುತ್ತಿ ಕಟ್ಟಿದರು. ಮೂರನೆಯ ಬಾಟಲಿಯ ಕೆಂಪು ವೈನ್ ಎರಡು ಚಹಾ ಲೋಟಕ್ಕೆ, ಮುದುಕಿಯ ವೈನ್ ಇನ್ನೊಂದು ಚಹಾ ಲೋಟಕ್ಕೆ ಹಾಕಿಸಿ, ಅತ್ತಿತ್ತ ಸರಿಸಿ, ಒಂದೊಂದಾಗಿ ನನ್ನ ಮೂಗಿನ ಹತ್ತಿರ ಹಿಡಿದರು. ಒಂದರಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಗೋಣಿಚೀಲ. ಮತ್ತೊಂದರಲ್ಲಿ ಏನೂ ಇಲ್ಲ. “ನಡುವಿನದು” ಅಂದೆ. ಮತ್ತೆ ಲೋಟ ಸರಿಸಿದ ಸದ್ದು. “ಈಗ ಮೊದಲಿನದು” ಅಂದೆ. ಮತ್ತೂ ಒಂದು ಸಲ ಮಾಡಿಸಿದರು. “ಕೊನೇದು” ಅಂದೆ.

ಕಣ್ಣಿಗೆ ಸೆರಗು ಕಟ್ಟಿದ್ದರಿಂದ ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಪದ್ಮ ಬಿಕ್ಕಿದ ಸದ್ದು ಕೇಳಿತು. “ಗಿರಿಜಾ, ಮೂರೂ ಸಲ ಸರಿಯಾಗಿ ಹೇಳಿದೆ ಕಣೇ. ನಿಂಗೆ ವಾಸನೆ ಬರ್ತಿದೆ ಕಣೇ!” ಅಂತ ಬಂದು ತಬ್ಬಿಕೊಂಡಳು. ತಬ್ಬಿಕೊಂಡ ರಭಸಕ್ಕೆ ಚಕ್ಕುಲಿ ತಟ್ಟೆ ಉರುಳಿತು. ನನಗೆ ಅಳು ಉಕ್ಕಿ ಬಂತು. ಅಳುತ್ತಲೇ ಲೋಟ ಕಿತ್ತುಕೊಂಡು ಇನ್ನೊಮ್ಮೆ ಮೂಸಿದೆ, ಎಲ್ಲಿ ಹೋಗಿಬಿಡುತ್ತದೋ ಅಂತ ಭಯ.

ಆಮೇಲೆ ನೆನಪಾದದ್ದು ರೇಣುಕಾ. ನನ್ನ ಮೂಗು ನಿಜವಾದರೆ ಅವಳ ಬಾಟಲಿ ಕೆಟ್ಟಿದೆ ಅಂತ ಆಯಿತಲ್ಲ. ಅವಳು ಲೋಟ ಹಿಡಿದು ಮತ್ತೆ ಮತ್ತೆ ಮೂಸುತ್ತಿದ್ದಳು. “ಅಕ್ಕಾರ ಹೇಳೂದು ಖರೇ ಅದ” ಅಂದಳು ಕೊನೆಗೆ. “ನನಗೂ ಮೊದಲs ಹಂಗ ಅನ್ನಿಸಿತ್ತು. ಅಜ್ಜಿ ಕೊಟ್ಟದ್ದು ಹೆಂಗ ಕೆಟ್ಟದ್ದಾಗ್ತದ ಅಂತ ಮನಸು ಒಪ್ಪಲಿಲ್ಲ.” ಪದ್ಮನೂ ತಲೆ ತಗ್ಗಿಸಿ, “ನಂಗೂ ಒದ್ದೆ ರಟ್ಟಿನ ಥರಾನೇ ಬಂತು ಕಣಮ್ಮಾ. ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ” ಅಂದಳು. ಮುನಿರತ್ನಮ್ಮ ಮಾತ್ರ, “ನಾನ್ ಅಂತೂ ಕುಡುದ್ಬುಟ್ಟೆ, ಏನಾಯ್ತದೋ ನೋಡನ” ಅಂದರು.

ರೇಣುಕಾ ಅಲ್ಲೇ ಫೋನ್ ತೆಗೆದು ಆ ಮುದುಕಿಗೆ ವಿಡಿಯೋ ಕರೆ ಮಾಡಿದಳು. ಬೆಳ್ಳಿ ಕೂದಲಿನ, ಕೆಂಪು ಸ್ವೆಟರಿನ ಹೆಂಗಸು. ರೇಣುಕಾ ತಡವರಿಸುತ್ತಾ ವಿಷಯ ಹೇಳಿದಳು. ಆಕೆ ಜೋರಾಗಿ ನಕ್ಕುಬಿಟ್ಟರು. ಬಿರಡೆಗೆ ಬೂಷ್ಟು ತಗುಲಿದರೆ ಎಷ್ಟು ಒಳ್ಳೆಯ ವೈನಾದರೂ ಹೀಗೆ ಆಗುವುದುಂಟಂತೆ, ಬಚ್ಚಲಿಗೆ ಸುರಿ ಅಂದರಂತೆ. ರೇಣುಕಾ ನನ್ನನ್ನು ತೋರಿಸಿ ನನ್ನ ಕಥೆಯೆಲ್ಲ ಫ್ರೆಂಚಿನಲ್ಲಿ ಹೇಳಿದಳು. ಆಕೆಯ ನಗು ನಿಂತಿತು. ಫೋನಿನ ಹತ್ತಿರ ಮುಖ ತಂದು ಏನೋ ಹೇಳಿದರು.

“ಸುರಿಯಬ್ಯಾಡ ಅಂತಾರ್ರಿ ಈಗ” ಅಂದಳು ರೇಣುಕಾ, ಕಣ್ಣೊರೆಸಿಕೊಳ್ಳುತ್ತಾ. “ಆ ಬಾಟ್ಲಿ ನಿಮ್ಮದಂತ. ‘ನಾನು ಇಷ್ಟು ವರ್ಷ ಮಂದಿಗೆ ಕೊಟ್ಟದ್ದರೊಳಗ ಇದs ಎಲ್ಲಾಕಿಂತ ಚಲೋ ಬಾಟ್ಲಿ’ ಅಂತ ಅಂದ್ರು ಅಜ್ಜಿ.”

ಅವತ್ತು ಬೇರೆ ಏನನ್ನು ಮೂಸಿದರೂ ಬರಲಿಲ್ಲ. ಪದ್ಮನ ಮಲ್ಲಿಗೆ ತಂದು ಮೂಗಿಗೆ ಒತ್ತಿಕೊಂಡೆ, ಏನೂ ಇಲ್ಲ. ಆದರೆ ನನಗೆ ಬೇಜಾರಾಗಲಿಲ್ಲ. ಬಾಟಲಿ ಹಿಡಿದು ಕೆಳಗಿಳಿದು ಬಂದಾಗ ನಮ್ಮವರು ನಿದ್ದೆಯಿಂದ ಎದ್ದು ಬಾಗಿಲಲ್ಲಿ ನಿಂತಿದ್ದರು. ಅತ್ತು ಕೆಂಪಾದ ಕಣ್ಣು, ಕೈಯಲ್ಲಿ ವೈನ್ ಬಾಟಲಿ, ಮುದುರಿದ ಸೆರಗು. “ಏನೇ ಇದು?” ಅಂದರು ಪಾಪ, ಗಾಬರಿಯಾಗಿ. “ವಾಸನೆ ಬಂತು ಕಣ್ರೀ” ಅಂದೆ. ಅವರು ಒಳಗೆ ಹೋಗಿ ತಾವೇ ಕಾಫಿ ಮಾಡಿ ತಂದರು. ಕಾಫಿ ಬಿಸಿನೀರೇ ಆಗಿತ್ತು. ಪೂರ್ತಿ ಕುಡಿದೆ.

ಡಾಕ್ಟರು ಕೇಳಿ ಸಂತೋಷಪಟ್ಟರು. ಕೆಲವರಿಗೆ ಕೆಟ್ಟ ವಾಸನೆಗಳೇ ಮೊದಲು ವಾಪಸ್ ಬರುತ್ತವಂತೆ. ನನಗೂ ಹಾಗೇ ಆಯಿತು. ಮೊದಲು ಚರಂಡಿ. ಆಮೇಲೆ ಬಸ್ಸಿನ ಹೊಗೆ. ಒಂದು ಸಂಜೆ ವಾಕಿಂಗಿನಲ್ಲಿ ಕೊಳಚೆ ತುಂಬಿದ ಕೆರೆಯ ಏರಿಯ ಮೇಲೆ ಹೋಗುವಾಗ ಉಳಿದ ಮೂವರೂ ಮೂಗಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ಓಡಿದರು. ನಾನು ನಿಂತೇಬಿಟ್ಟೆ. ಎದೆ ತುಂಬ ಎಳೆದುಕೊಂಡೆ. ದಾರಿಯಲ್ಲಿ ಹೋಗುವವರೊಬ್ಬರು, “ಏನಾಯ್ತಮ್ಮಾ, ಹುಷಾರಾಗಿದ್ದೀರಾ?” ಅಂತ ಕೇಳಿದರು. “ತುಂಬ ಹುಷಾರಾಗಿದ್ದೀನಿ ಸಾರ್” ಅಂದೆ.

ಆ ಯುಗಾದಿಗೆ ಪುಡಿ ಮಾಡಲಿಲ್ಲ. ಬೇಸಿಗೆ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ದೊಡ್ಡ ಬಾಣಲೆ ಇಳಿಸಿ ತೊಳೆದೆ. ಮೂವರನ್ನೂ ಕರೆದು, “ಯಾರೂ ಬಾಯಿ ಬಿಡಬಾರದು, ಸನ್ನೆಯನ್ನೂ ಮಾಡಬಾರದು. ಪದ್ಮಾ, ಮುಖ್ಯವಾಗಿ ನೀನು” ಅಂದೆ. ಕೊತ್ತಂಬರಿ ಬೀಜ ಹಾಕಿ ಸೌಟು ಆಡಿಸುತ್ತಾ ಕಾದೆ. ಬಹಳ ಹೊತ್ತು ಏನೂ ಇಲ್ಲ. ಇನ್ನೇನು ಸೀದೇಹೋಯಿತು ಅಂದುಕೊಂಡಾಗ, ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಬಂತು. ಹಿಂದಿನಷ್ಟು ಜೋರಿಲ್ಲ, ಆದರೆ ಅದೇ. ಒಲೆ ಆರಿಸಿ ತಿರುಗಿ ನೋಡಿದೆ. ಪದ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ರೇಣುಕಾ ತಲೆ ಆಡಿಸಿದಳು. ಸರಿಯಾದ ಗಳಿಗೆ.

ಮೆಂತ್ಯದ ವಾಸನೆ ಮಾತ್ರ ಇನ್ನೂ ಬಂದಿಲ್ಲ. ಅದನ್ನು ಹುರಿಯುವ ದಿನ ಮುನಿರತ್ನಮ್ಮ ಬಂದು ಒಲೆಯ ಪಕ್ಕ ಕೂರುತ್ತಾರೆ. “ಅದ್ರ ಗೊಡವೆಗೆ ನೀನ್ ಬರಬ್ಯಾಡ” ಅನ್ನುತ್ತಾರೆ. ಒಳ್ಳೆಯದು ಬರುವಾಗ ಗುಲಾಬಿ, ಲವಂಗದ ಹಾಗೆ ಚೆನ್ನಾಗೇ ಬರುತ್ತದೆ ಅಂತ ಅಷ್ಟು ತಿಂಗಳು ಕಾದಿದ್ದೆ. ಅದು ಕೊಳೆತ ಗೋಣಿಚೀಲವಾಗಿ ಬಂತು. ಬಾಯಿ ತಪ್ಪಿ “ಥೂ” ಅಂದೆನಲ್ಲ, ಮರ್ಯಾದೆಗೆ “ಚೆನ್ನಾಗಿದೆ” ಅಂದಿದ್ದರೆ ಮೂಗು ವಾಪಸ್ ಬಂದದ್ದು ನನಗೇ ಗೊತ್ತಾಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊನ್ನೆ ಮೊಮ್ಮಗಳು ಬಂದಿದ್ದಳು. ಬಿಸಿಲಲ್ಲಿ ಆಡಿ ಬಂದು ತೊಡೆಯ ಮೇಲೆ ಕೂತಳು. ನೆತ್ತಿ ಮೂಸಿದೆ. ಬೆವರು, ಕೊಬ್ಬರಿ ಎಣ್ಣೆ, ಧೂಳು. “ಅಜ್ಜೀ, ಬಿಡು” ಅಂದಳು. ನಾನು ಬಿಡಲಿಲ್ಲ.